ಸಂಕಟದ ದಿನಗಳಿಗೆ ನಳಚರಿತ್ರೆ: ನಾನು ಓದುವ, ಓದಿಸುವ ಕ್ರಮ

ದುಃಖದಲ್ಲಿ ಇರುವವರ ಕೈಗೆ ಮೊದಲು ಉಪದೇಶದ ಪುಸ್ತಕ ಕೊಡಬಾರದು, ಕಥೆ ಕೊಡಬೇಕು. ಗೀತೆಯಲ್ಲಿ ಕೃಷ್ಣನ ಉಪದೇಶ ಹಿಡಿತಕ್ಕೆ ಬರುವುದು ಎರಡನೇ ಅಧ್ಯಾಯದ 11ನೇ ಶ್ಲೋಕದಿಂದ, ಅದೂ ಶೋಕಿಸಬಾರದ್ದಕ್ಕೆ ಶೋಕಿಸುತ್ತಿದ್ದೀಯೆ ಎನ್ನುವ ಮಾತಿನಿಂದ. ಮನೆಯಲ್ಲಿ ಸಾವಾಗಿ ವಾರ ಕಳೆದಿಲ್ಲ ಎಂದಾದರೆ ಆ ಮಾತು ಬೈಗುಳದ ಹಾಗೆ ಕೇಳುತ್ತದೆ.

ಹಾಗಾಗಿ ನನ್ನ ಆಯ್ಕೆ ನಳ ದಮಯಂತಿಯರ ಕಥೆ ಹೇಳುವ ಕನಕದಾಸರ ಕಾವ್ಯ, ನಳಚರಿತ್ರೆ. ಉಡುಪಿಯಲ್ಲಿ ಕನಕನ ಕಿಂಡಿಗೆ ಕೈಮುಗಿಯದವರಿಲ್ಲ, ಅವರ ಈ ಕಾವ್ಯವನ್ನು ಬಿಡಿಸಿ ನೋಡಿದವರು ಮಾತ್ರ ಕಡಿಮೆ. 9 ಸಂಧಿ, ಎಂದರೆ ಅಧ್ಯಾಯ, ಸುಮಾರು 480 ಪದ್ಯ. ದಿನಕ್ಕೆ ಹತ್ತರಂತೆ ಹಿಡಿದರೆ ಒಂದು ಮಂಡಲಕ್ಕೆ, ಎಂದರೆ 48 ದಿನಕ್ಕೆ, ಸರಿಹೋಗುತ್ತದೆ. ಒಂದು ಕಾಲಕ್ಕೆ ನಮ್ಮೂರಿನ ಚಾವಡಿಗಳಲ್ಲಿ ಪುರಾಣ ವಾಚನ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ. ಮಳೆಗಾಲದ ತುಳು ತಿಂಗಳಾದ ಆಟಿಯ ಮೊದಲಲ್ಲಿ ಶುರುಮಾಡಿದರೆ ಮುಂದಿನ ತಿಂಗಳು ಸೋಣದೊಳಗೆ ಮುಗಿಯುತ್ತದೆ. ಸಂಕಟ ತಿಂಗಳು ನೋಡಿಕೊಂಡು ಬರುವುದಿಲ್ಲವಲ್ಲ, ಯಾವಾಗ ಬೇಕಾದರೂ ಆದೀತು.

ಓದಬೇಕಾದದ್ದು ಗಟ್ಟಿಯಾಗಿ. ಮನಸ್ಸಿನಲ್ಲೇ ಓದಿದರೆ ಕಣ್ಣು ಸಾಲಿನ ಮೇಲೆ ಹೋಗುತ್ತದೆ, ತಲೆಯಲ್ಲಿ ಆಸ್ಪತ್ರೆಯ ಬಿಲ್ಲು ತಿರುಗುತ್ತಿರುತ್ತದೆ. ಬಾಯಿಬಿಟ್ಟು ಓದಿದರೆ ಉಸಿರಿಗೆ ಒಂದು ಅಳತೆ ಬರುತ್ತದೆ. ಈ ಕಾವ್ಯದ ಛಂದಸ್ಸು ಭಾಮಿನಿ ಷಟ್ಪದಿ, ಪದ್ಯಕ್ಕೆ ಆರು ಸಾಲು. 1, 2, 4, 5ನೇ ಸಾಲಿಗೆ 14 ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ), 3 ಮತ್ತು 6ಕ್ಕೆ 23. ಮೊದಲೆರಡು ಸಾಲು ಒಂದು ಉಸಿರಿಗೆ, ಮೂರನೆಯದು ಇನ್ನೊಂದಕ್ಕೆ, ಉಳಿದರ್ಧವೂ ಹಾಗೆಯೇ. ಮೂರು, ನಾಲ್ಕು ಮಾತ್ರೆಗಳ ಗುಂಪಾಗಿ ಸಾಗುವ ನಡೆ ಹಿಡಿದರೆ ಅವಸರ ಮಾಡಲಿಕ್ಕೇ ಆಗುವುದಿಲ್ಲ.

ಹೊಸಬರು ಎಡವುವುದು ಪದ ಬಿಡಿಸುವಲ್ಲಿ. ಸಾಲಿನ ಕೊನೆಯಲ್ಲಿ ಪದ ತುಂಡಾಗಿ ಮುಂದಿನ ಸಾಲಿಗೆ ಹೋಗಿರುತ್ತದೆ; ಅಲ್ಲೇ ನಿಲ್ಲಿಸಿದರೆ ಅರ್ಥ ಕೆಡುತ್ತದೆ. ಅದಕ್ಕೆ ಪ್ರತಿ ಪದ್ಯವನ್ನೂ ಎರಡು ಸಲ ಓದುತ್ತೇನೆ: ಮೊದಲು ಗದ್ಯದ ಹಾಗೆ ಪದ ಬಿಡಿಸಿ, ಅರ್ಥ ತಿಳಿಯದ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಆಮೇಲೆ ಲಯದಲ್ಲಿ. ಹತ್ತು ಪದ್ಯಕ್ಕೆ ಅರ್ಧ ಗಂಟೆ ಸಾಕು. ಗದ್ಯಾನುವಾದ ಇರುವ ಪ್ರತಿ ಸಿಕ್ಕಿದರೆ ಒಳ್ಳೆಯದು, ಆದರೆ ಅನುವಾದವನ್ನು ಮೊದಲೇ ಓದಿಕೊಳ್ಳಬೇಡಿ. ರಾಗ ಬರುವವರು ಮುಖಾರಿ ಹಿಡಿಯುವುದು ರೂಢಿ, ಶೋಕಕ್ಕೆ ಅದು ಸರಿ. ಸಭೆಗಾದರೆ ಚಂದ, ಸ್ವತಃ ನೊಂದವರು ಮುಖಾರಿಯಲ್ಲಿ ಓದತೊಡಗಿದರೆ ನಾಲ್ಕನೇ ಪದ್ಯಕ್ಕೆ ಗಂಟಲು ಕಟ್ಟುತ್ತದೆ. ಮೋಹನ ಸಾಕು. ರಾಗ ಬಾರದಿದ್ದರೆ ಒಂದೇ ಶ್ರುತಿ.

ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು ಓದುವುದು. ಊಟವಾದರೆ ತೂಕಡಿಕೆ.

ನಳ ರಾಜ್ಯವನ್ನು ಜೂಜಿನಲ್ಲಿ ಕಳೆದುಕೊಂಡು ಕಾಡಿಗೆ ಹೋಗಿ, ಮಲಗಿದ್ದ ದಮಯಂತಿಯನ್ನು ಬಿಟ್ಟು ನಡೆಯುವ ಭಾಗದಲ್ಲಿ ಜಾಗ್ರತೆ ಬೇಕು. ಇಲ್ಲಿ ಲೆಕ್ಕದ ಹತ್ತಕ್ಕೆ ನಿಲ್ಲಿಸಬಾರದು. ನಿಲ್ಲಿಸಿದರೆ ಆ ಕಾಡು ರಾತ್ರಿಯಿಡೀ ತಲೆಯಲ್ಲಿ ಉಳಿಯುತ್ತದೆ. ಆ ದಿನ ಹಗಲಲ್ಲೇ ಕುಳಿತು ಕಾರ್ಕೋಟಕ ಎಂಬ ಸರ್ಪ ಬರುವವರೆಗೆ ಓದಿ. ಗಂಡನೋ ಹೆಂಡತಿಯೋ ಬಿಟ್ಟುಹೋದ ಮನೆಯಾದರೆ ಬೇರೆಯವರು ಓದಲಿ, ನೊಂದವರು ಕೇಳಲಿ. ಕಾರ್ಕೋಟಕ ಕಚ್ಚಿದ್ದರಿಂದ ನಳನ ರೂಪ ಕೆಟ್ಟಿತು, ಆದರೆ ವಿಷ ಸುಟ್ಟದ್ದು ಅವನೊಳಗೆ ಹೊಕ್ಕು ಅವನನ್ನು ಕೆಡಿಸಿದ್ದ ಕಲಿಪುರುಷನನ್ನು. ಇಲ್ಲಿ ವಿವರಣೆ ಕೊಡಲಿಕ್ಕೆ ಹೋಗಬೇಡಿ. ಕೇಳುವವರು ತಾವಾಗಿ ಏನಾದರೂ ಹೇಳಿದರೆ ಹೇಳಲಿ.

ಬೇರೆಯವರಿಗೆ ಓದಿ ಹೇಳುವವರ ದೊಡ್ಡ ತಪ್ಪು ಹೋಲಿಕೆ. "ನಳನಿಗೇ ಹೀಗಾಯ್ತು, ನಿಮ್ಮದೇನು ಮಹಾ" ಎಂದರೆ ಓದಿದ್ದೆಲ್ಲ ನೀರಿಗೆ ಹೋಯಿತು. ವ್ಯಾಸಭಾರತದ ವನಪರ್ವದಲ್ಲಿ ಬೃಹದಶ್ವನೆಂಬ ಋಷಿ ಈ ಕಥೆ ಎತ್ತುವುದು, ನನಗಿಂತ ನತದೃಷ್ಟರು ಯಾರಾದರೂ ಇದ್ದಾರೆಯೇ ಎಂದು ಧರ್ಮರಾಯ ಕೇಳಿದ ಮೇಲೆ. ಕಥೆ ಮುಗಿದ ಮೇಲೆ ಬೃಹದಶ್ವ ಎದ್ದು ಹೋಗುವುದಿಲ್ಲ. ಧರ್ಮರಾಯನಿಗೆ ಅಕ್ಷಹೃದಯವನ್ನು, ಪಗಡೆಯ ಮರ್ಮವನ್ನು, ಕಲಿಸುತ್ತಾನೆ. ಯಾವುದರಿಂದ ಸೋತನೋ ಅದರದ್ದೇ ವಿದ್ಯೆ! ಹಾಗಾಗಿ ಸಾಲದಿಂದ ಕಂಗೆಟ್ಟವರ ಮನೆಯಲ್ಲಿ ಓದಿನ ಜತೆಗೆ ಬ್ಯಾಂಕಿನ ಕಾಗದಗಳನ್ನು ಕೂಡ ಬಿಡಿಸಿ ಕೂರುವುದುಂಟು. ಅದನ್ನು ಬಿಟ್ಟು ಬರೀ ಪಾರಾಯಣವಾದರೆ ಸಂಕಟ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ನೋಟ್ ಪುಸ್ತಕದಲ್ಲಿ ತಾರೀಕು, ಪದ್ಯದ ಸಂಖ್ಯೆ, ಹಿಡಿಸಿದ ಒಂದು ಸಾಲು ಇಷ್ಟೇ ಬರೆಯಿರಿ. "ನಾನು ಕಲಿತದ್ದು" ಎಂದು ಬರೆಯಲು ಹೊರಟರೆ ಮೂರನೇ ದಿನಕ್ಕೆ ಸುಳ್ಳು ಬರೆಯತೊಡಗುತ್ತೇವೆ. ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು ಓದಿ ಸರಿಗಟ್ಟಬೇಡಿ, ಮಂಡಲ ಒಂದು ದಿನ ಉದ್ದವಾದರೆ ಯಾರ ಗಂಟೂ ಹೋಗುವುದಿಲ್ಲ.

ಎರಡು ವಾರದ ಮೇಲೂ ನಿದ್ದೆ, ಊಟ ಹತ್ತದಿದ್ದರೆ ಡಾಕ್ಟರಿಗೆ ತೋರಿಸಿ. ಸಾಯುವ ಮಾತು ಬಂದರೆ ವಾರ ಕಾಯಬೇಡಿ: ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ಆಗ ಪುಸ್ತಕ ಮುಚ್ಚಿಟ್ಟು ಅವರ ಪಕ್ಕದಲ್ಲಿ ಕೂರುವುದೇ ಕೆಲಸ.

ಮಂಡಲ ಮುಗಿದ ಮೇಲೆ ಗೀತೆಯ ಎರಡನೇ ಅಧ್ಯಾಯಕ್ಕೆ ಹೋಗಬಹುದು. ಒಟ್ಟು 72 ಶ್ಲೋಕ, ದಿನಕ್ಕೆ ಎರಡು. ಮಂಕುತಿಮ್ಮನ ಕಗ್ಗದ 945 ಪದ್ಯಗಳಿಗೆ ಕ್ರಮ ಬೇಕಿಲ್ಲ, ದಿನಕ್ಕೊಂದು ಸಾಕು. ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ದೇವರ ಕೋಣೆಯ ಗೋಡೆಗೆ ತಾಗಿಸಿ ಇಡದೆ, ಮುಚ್ಚಳವಿರುವ ಡಬ್ಬದಲ್ಲಿ ನುಸಿಗುಳಿಗೆ ಹಾಕಿ ಇಡಿ.