ಆಫರ್ ಒಪ್ಪುವ ಮುಂಚೆ ಕಂಪನಿಗೆ ನೀವೇ ಮಾರ್ಕ್ಸ್ ಹಾಕಿ

1981ರಿಂದ 1996ರೊಳಗೆ ಹುಟ್ಟಿದವರನ್ನು ಮಿಲೆನಿಯಲ್ ಅನ್ನುತ್ತಾರೆ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಹೋಮ್ ಲೋನ್, ಮಕ್ಕಳ ಫೀಸು, ಅಪ್ಪ-ಅಮ್ಮನ ಬಿಪಿ-ಶುಗರ್ ಮೂರನ್ನೂ ಹೊತ್ತವರಲ್ಲಿ ಇವರೇ ಹೆಚ್ಚು. ಬೀನ್ ಬ್ಯಾಗಿಗೆ ಅಂಕ ಕೊಡುವ ವಯಸ್ಸು ದಾಟಿದೆ.

100 ಅಂಕ ಇಟ್ಟುಕೊಳ್ಳಿ: ಸಂಬಳ 30, ವಿಮೆ 25, ರಜೆ ಮತ್ತು ಕೆಲಸದ ಹೊತ್ತು 25, ಮ್ಯಾನೇಜರ್ ಮತ್ತು ತಂಡ 20. ಕಾನೂನು ಕಡ್ಡಾಯ ಮಾಡಿದ್ದಕ್ಕೆ ಅಂಕವಿಲ್ಲ. ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ, 50 ಜನರಿದ್ದರೆ ಶಿಶುಪಾಲನಾ ಕೇಂದ್ರ, 10 ಜನರಿದ್ದರೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ: ಇವು ಉಪಕಾರವಲ್ಲ. ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನು ಖಾಸಗಿ ಕಂಪನಿಗಳಿಗಿಲ್ಲ. ಕೊಟ್ಟರೆ ಅಂಕ ಹಾಕಿ.

ಸಂಬಳಕ್ಕೆ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಬೇಡಿ. 18 ಲಕ್ಷದಲ್ಲಿ ಬೇಸಿಕ್ 9 ಲಕ್ಷ, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) 1.8 ಲಕ್ಷ ಅಂದುಕೊಳ್ಳಿ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಅದರ ಪಾಲು 12% ಅಂದರೆ 1.08 ಲಕ್ಷ, ಗ್ರಾಚ್ಯುಟಿ 4.81% ಅಂದರೆ ಸುಮಾರು 43 ಸಾವಿರ. ಇವೆಲ್ಲ ಸಿಟಿಸಿಯೊಳಗೇ ಇರುತ್ತವೆ. ಅವನ್ನು ಕಳೆದು, ನಿಮ್ಮ ಪಾಲಿನ ಪಿಎಫ್ 9,000 ಮತ್ತು ವೃತ್ತಿ ತೆರಿಗೆ 200 ತೆಗೆದರೆ ತಿಂಗಳಿಗೆ ಉಳಿಯುವುದು ಸುಮಾರು 1.13 ಲಕ್ಷ, ಅದೂ ಆದಾಯ ತೆರಿಗೆಗೆ ಮುಂಚೆ. ಹಿಂದಿನ ಎರಡು ವರ್ಷ ವೇರಿಯಬಲ್ ಎಷ್ಟು ಶೇಕಡಾ ಕೊಟ್ಟರು ಎಂದು ಎಚ್‌ಆರ್‌ಗೆ ಇಮೇಲಲ್ಲೇ ಕೇಳಿ. ಬಾಯಿಮಾತಿನ ಉತ್ತರ ಬಂದರೆ ಸೊನ್ನೆ.

ಜನ ಹೆಚ್ಚು ಮೋಸ ಹೋಗುವುದು ವಿಮೆಯಲ್ಲಿ. "5 ಲಕ್ಷ ಕವರ್" ಅಂದರೆ ಸಾಲದು, ಪಾಲಿಸಿಯ ಪ್ರತಿ ತರಿಸಿಕೊಳ್ಳಿ. ತಂದೆತಾಯಿ ಸೇರುತ್ತಾರಾ, ಅವರ ಪ್ರೀಮಿಯಂ ಯಾರು ಕಟ್ಟುತ್ತಾರೆ, ಕೋ-ಪೇ (ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು) ಎಷ್ಟು, ಈಗಾಗಲೇ ಇರುವ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆಯಾ ನೋಡಿ. ಕೊನೆಗೆ ರೂಮ್ ಬಾಡಿಗೆಯ ಮಿತಿ. ದಿನಕ್ಕೆ 1% ಎಂದಿದ್ದರೆ 5 ಲಕ್ಷಕ್ಕೆ 5,000 ರೂಪಾಯಿ. ನೀವು 10,000ದ ರೂಮ್ ಹಿಡಿದರೆ ಬಾಡಿಗೆಗಷ್ಟೇ ಅಲ್ಲ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಖರ್ಚಿಗೂ ವಿಮೆಯಿಂದ ಸಿಗುವುದು ಅರ್ಧಕ್ಕೆ ಇಳಿಯಬಹುದು. 20% ಕೋ-ಪೇ ಇದ್ದರೆ ಅದು ಬೇರೆ! ಇಂಥ ಪಾಲಿಸಿಗೆ 25ಕ್ಕೆ 10 ದಾಟಿಸಬೇಡಿ. ಕೆಲಸ ಬಿಟ್ಟರೆ ಈ ರಕ್ಷಣೆಯೂ ಹೋಗುತ್ತದೆ. ಸ್ವಂತ ಪಾಲಿಸಿ ಬೇರೆ ಇರಲಿ.

ರಜೆ ಎಷ್ಟಿದೆ ಎಂದು ಕೇಳಬೇಡಿ, ಕಳೆದ ವರ್ಷ ನಿಮ್ಮ ತಂಡದವರು ಸರಾಸರಿ ಎಷ್ಟು ತೆಗೆದುಕೊಂಡರು ಎಂದು ಕೇಳಿ. "ಅನ್‌ಲಿಮಿಟೆಡ್ ರಜೆ" ಇರುವ ಕಡೆ ಉಳಿದ ರಜೆಗೆ ದುಡ್ಡು ಸಿಗುತ್ತದಾ ವಿಚಾರಿಸಿ. ರಾತ್ರಿ ಅಮೆರಿಕದ ಕಾಲ್ ವಾರಕ್ಕೆಷ್ಟು, ಆನ್-ಕಾಲ್ ಸರದಿಗೆ ಕಾಂಪ್-ಆಫ್ (ಬದಲಿ ರಜೆ) ಉಂಟಾ?

ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್‌ನಂಥ, ನೌಕರರೇ ಕಂಪನಿ ಬಗ್ಗೆ ಬರೆಯುವ ತಾಣಗಳಲ್ಲಿ ಒಟ್ಟು ಸ್ಟಾರ್ ನಂಬಬೇಡಿ. ನಿಮ್ಮ ವಿಭಾಗದ, ನಿಮ್ಮ ಊರಿನ, ಕಳೆದ 12 ತಿಂಗಳ ಬರಹ ಮಾತ್ರ ಓದಿ. ಒಂದೇ ವಾರದಲ್ಲಿ ಐದು ಸ್ಟಾರಿನ ಚುಟುಕು ಹೊಗಳಿಕೆ ಸಾಲುಗಟ್ಟಿದ್ದರೆ ಯಾರೋ ಬರೆಸಿದ್ದಾರೆಂಬ ಗುಮಾನಿ ಇರಲಿ. ಎರಡರಿಂದ ನಾಲ್ಕು ಸ್ಟಾರಿನ ಉದ್ದ ಬರಹಗಳಲ್ಲಿ ಸರಕಿರುತ್ತದೆ. ಮ್ಯಾನೇಜರ್ ಕೈಕೆಳಗಿನವರು ಎಷ್ಟು ಕಾಲ ನಿಲ್ಲುತ್ತಾರೆಂದು ಲಿಂಕ್ಡ್‌ಇನ್ ಹೇಳುತ್ತದೆ.

ಬಿಟ್ಟ ಕಂಪನಿಯ ಬಗ್ಗೆ ಅಲ್ಲಿ ನೀವೇ ಬರೆಯುವಾಗ ಸಂಬಳ, ಸಂಸ್ಕೃತಿ, ಬಡ್ತಿಗೆ ಬೇರೆಬೇರೆ ಸ್ಟಾರ್ ಕೊಡಿ. ಆರು ಜನರ ತಂಡದಲ್ಲಿ ಹುದ್ದೆ, ಊರು, ಸೇರಿದ ವರ್ಷ ಮೂರನ್ನೂ ನಮೂದಿಸಿದರೆ ಹೆಸರು ಹಾಕಿದಂತೆಯೇ ಸರಿ. ಹುದ್ದೆಯನ್ನು ಸ್ಥೂಲವಾಗಿ ಬರೆದು, ಫುಲ್ ಅಂಡ್ ಫೈನಲ್ (ಕೆಲಸ ಬಿಟ್ಟಾಗಿನ ಕೊನೆಯ ಲೆಕ್ಕದ) ಹಣ ಖಾತೆಗೆ ಬಿದ್ದಮೇಲೆ ಪೋಸ್ಟ್ ಮಾಡಿ.