ಟೊಮೆಟೊ ಕ್ರೇಟ್ ಉಜ್ಜಿದ ಬಾಗಿಲು: ಕಾರಿನ ಗೀರು ಮನೆಯಲ್ಲೇ ತೆಗೆಯೋದು ಹೇಗೆ

ಟೊಮೆಟೊ ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿ ಯಾರ್ಡ್ ಪಕ್ಕ ಕಾರು ನಿಲ್ಲಿಸಿದ್ದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಕ್ರೇಟ್ ತುಂಬಿಕೊಂಡಿದ್ದ ಒಂದು ಟೆಂಪೊ ಆ ಸಂದಿಯಲ್ಲಿ ತಿರುಗಿಸಿಕೊಳ್ಳುವಾಗ, ಹೊರಗೆ ಚಾಚಿದ್ದ ಒಂದು ಕ್ರೇಟಿನ ಮೂಲೆ ನನ್ನ ಸಿಲ್ವರ್ ಸ್ವಿಫ್ಟಿನ ಹಿಂದಿನ ಬಾಗಿಲನ್ನು ಈ ತುದಿಯಿಂದ ಆ ತುದಿವರೆಗೆ ಉಜ್ಜಿಕೊಂಡು ಹೋಯಿತು. ನಾಲ್ಕು ಬೆರಳಗಲ ನೀಲಿ ಪಟ್ಟೆ. ಡ್ರೈವರ್ ತಲೆ ಹೊರಗೆ ಹಾಕಿ "ನೋಡ್ಲಿಲ್ಲ ಅಣ್ಣ" ಅಂದ, ಹೋದ. ಟಿಂಕರಿಂಗ್ ಅಂಗಡಿಯಲ್ಲಿ ತೋರಿಸಿದರೆ "ಫುಲ್ ಡೋರ್ ಹೊಡೀಬೇಕಣ್ಣ, 4,500 ಆಗುತ್ತೆ" ಅಂದರು. ಸುಮ್ನೆ ಮನೆಗೆ ತಂದು ಎರಡು ಭಾನುವಾರ ಕೂತೆ. ಪಟ್ಟೆಯಲ್ಲಿ ಮುಕ್ಕಾಲು ಭಾಗ ಬಣ್ಣವೇ ಹಚ್ಚದೆ ಹೋಯಿತು. ಹೇಗೆ ಅಂತ ಹೇಳುತ್ತೇನೆ.

ಮೊದಲು ಬಣ್ಣ ಎಷ್ಟು ತೆಳು ಅನ್ನೋದು ತಲೆಯಲ್ಲಿರಲಿ. ತಗಡಿನ ಮೇಲೆ ತುಕ್ಕು ತಡೆಯುವ ಒಂದು ಕೋಟ್ ಇರುತ್ತದೆ, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಹಿಡಿಸುವಂಥದ್ದು. ಅದರ ಮೇಲೆ ಪ್ರೈಮರ್. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸುಮಾರು 100ರಿಂದ 130 ಮೈಕ್ರಾನ್, ಅಂದರೆ ಹೆಚ್ಚು ಕಮ್ಮಿ ಒಂದು ಜೆರಾಕ್ಸ್ ಹಾಳೆಯ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ 40–50 ಮೈಕ್ರಾನ್. ನಾವು ಉಜ್ಜೋದೆಲ್ಲ ಈ ಅರ್ಧ ಹಾಳೆಯೊಳಗೇ ಮುಗಿಯಬೇಕು. ರಬ್ಬಿಂಗ್ ಕಾಂಪೌಂಡ್, ಅಂದರೆ ಉಜ್ಜೋಕೆ ನುಣ್ಣನೆ ಪುಡಿ ಬೆರೆಸಿದ ಪೇಸ್ಟ್, ಹಾಕಿದಾಗ ಗೀರು ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗುಂಡಿಗೆ ಮಣ್ಣು ಹಾಕದೆ ಸುತ್ತಲ ನೆಲವನ್ನೇ ಕೆತ್ತಿ ಮಟ್ಟ ಮಾಡಿದ ಹಾಗೆ ಅದು. ಪ್ರತಿ ಸಲ ಒಂದಿಷ್ಟು ಕ್ಲಿಯರ್ ಹೋಗುತ್ತದೆ, ವಾಪಸ್ ಬರೋದಿಲ್ಲ. ಅದಕ್ಕೇ ಗೀರು ಎಷ್ಟು ಆಳ ಅಂತ ತಿಳಿಯದೆ ಏನನ್ನೂ ಹಚ್ಚಬೇಡಿ.

ಆಳ ನೋಡೋಕೆ ಮುಂಚೆ ತೊಳೆಯಬೇಕು. ನಮ್ಮ ಕಡೆ ಧೂಳಿನಲ್ಲಿ ಕೆಂಪು ಮಣ್ಣು ಮಾತ್ರ ಇರೋದಿಲ್ಲ, ಕ್ರಷರ್‌ಗಳಿಂದ ಬರುವ ಕಲ್ಲಿನ ಪುಡಿಯೂ ಸೇರಿರುತ್ತದೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಕಾರು ಒರೆಸುವ ಅಭ್ಯಾಸ ಇದೆಯಲ್ವಾ, ಅದು ಆ ಕಲ್ಲಿನ ಪುಡಿಯನ್ನೇ ಬಣ್ಣದ ಮೇಲೆ ಅರೆದ ಹಾಗೆ. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರ ಬಲೆ ಥರ ಸುತ್ತು ಗೆರೆ ಕಾಣೋದು ಇದರಿಂದಲೇ. ಹಾಗಾಗಿ ಮೊದಲು ಬರೀ ನೀರು ಸುರಿದು ಧೂಳು ಇಳಿಸಿ, ಆಮೇಲೆ ಕಾರ್ ಶಾಂಪೂ. ನೆರಳಲ್ಲೇ ತೊಳೆಯಿರಿ. ಕೋಲಾರದ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಬಿಂದಿಗೆಯ ತಳ ನೋಡಿದರೆ ಗೊತ್ತು, ಕಾರಿನ ಮೇಲೆ ಹಾಗೇ ಆರಿದರೆ ಬಿಳಿ ಚುಕ್ಕೆ ಕೂರುತ್ತದೆ. ನಾನು ಕೊನೆಯ ಎರಡು ಮಗ್ ಮಾತ್ರ ಕ್ಯಾನ್ ನೀರು ಹಾಕಿ ತಕ್ಷಣ ಒರೆಸುತ್ತೇನೆ. ಮನೆಯಲ್ಲಿ ಬೈಸಿಕೊಂಡೂ ಆಗಿದೆ.

ಈಗ ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಜಾರಿ ಹೋದರೆ ಕ್ಲಿಯರ್ ಕೋಟಿನಲ್ಲೇ ಇದೆ, ಕಾಂಪೌಂಡ್ ಸಾಕು. ಉಗುರು ಸಿಕ್ಕಿಕೊಂಡರೆ ಆಳವಾಗಿದೆ, ಉಜ್ಜಿ ಪೂರ್ತಿ ತೆಗೆಯುವ ಆಸೆ ಬಿಡಿ. ಇನ್ನೊಂದು, ಬೆರಳು ಅದ್ದಿ ಗೀರಿನ ಮೇಲೆ ನೀರು ಸವರಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾಗಿ, ಆರಿದ ಮೇಲೆ ಮತ್ತೆ ಬೆಳ್ಳಗೆ ಕಂಡರೆ ಒಳ್ಳೆ ಸುದ್ದಿ. ನೀರಿದ್ದರೂ ಕಾಣುತ್ತಿದ್ದರೆ ಒಳಗಿನ ಬಣ್ಣ ನೋಡಿ. ಬೂದು ಬಣ್ಣ ಇದ್ದರೆ ಪ್ರೈಮರ್ ತನಕ ಹೋಗಿದೆ. ಬೆಳ್ಳಿ ಥರ ಹೊಳೆದರೆ ಅಥವಾ ಕಂದು ತಿರುಗಿದ್ದರೆ ತಗಡೇ ಬಂದಿದೆ, ಅದನ್ನು ಮುಂದಿನ ಮಳೆಗೆ ಬಿಡಬೇಡಿ. ಬಂಪರಿನಲ್ಲಿ ಕಪ್ಪು ಕಂಡರೆ ಅದು ಪ್ಲಾಸ್ಟಿಕ್ಕು, ತುಕ್ಕಿನ ಭಯ ಇಲ್ಲ, ನಿಧಾನವಾಗಿ ನೋಡಿಕೊಳ್ಳಬಹುದು.

ಕೆರೆಕಟ್ಟೆ ದಾರಿಯಲ್ಲಿ ಬಳ್ಳಾರಿ ಜಾಲಿ ಕೊಂಬೆ ಕೀರ್ ಅಂತ ಎಳೆದು ಬಿಡುತ್ತದಲ್ಲ, ಆ ಉದ್ದುದ್ದ ಕೂದಲಿನಂಥ ಗೆರೆಗಳು ಹೆಚ್ಚಿನ ಸಲ ಕ್ಲಿಯರ್ ಕೋಟಿನವೇ. ಸದ್ದು ಕೇಳಿ ಹೊಟ್ಟೆ ಉರಿಯುವಷ್ಟು ಗಾಯ ಆಗಿರೋದಿಲ್ಲ.

ನನ್ನ ನೀಲಿ ಪಟ್ಟೆಯ ವಿಷಯಕ್ಕೆ ಬರುತ್ತೇನೆ. ಅದು ಬಹುಪಾಲು ಗೀರೇ ಅಲ್ಲ. ಕ್ರೇಟಿನ ಪ್ಲಾಸ್ಟಿಕ್ ಕರಗಿ ನನ್ನ ಬಣ್ಣದ ಮೇಲೆ ಅಂಟಿಕೊಂಡಿತ್ತು. ಬೇರೆ ಗಾಡಿ, ಗೇಟು, ಕಂಬ ಉಜ್ಜಿದಾಗಲೂ ಇದೇ ಕಥೆ: ಕಾಣೋದರಲ್ಲಿ ಅರ್ಧ ಅವರ ಬಣ್ಣ. ಬಟ್ಟೆಗೆ ಸ್ವಲ್ಪ ಡಬ್ಲ್ಯೂಡಿ-40 (ತುಕ್ಕು ಹಿಡಿದ ಬೋಲ್ಟ್ ಬಿಡಿಸೋಕೆ ಹೊಡೆಯುವ ಸ್ಪ್ರೇ ಎಣ್ಣೆ) ಅಥವಾ ಸೀಮೆಎಣ್ಣೆ ಹಾಕಿ ಪಟ್ಟೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ಆಮೇಲೆ ಉಜ್ಜಿ. ನನ್ನ ಬಟ್ಟೆ ಎರಡನೇ ಸಲಕ್ಕೆ ನೀಲಿಯಾಯಿತು, ಬಾಗಿಲು ಸಿಲ್ವರ್ ಆಯಿತು. ಹತ್ತಿರ ಬೀಡಿ, ಸಿಗರೇಟು ಬೇಡ. ಥಿನ್ನರ್ ಹಾಕಿ ಅಂತ ಹೇಳುವವರು ಸಿಗುತ್ತಾರೆ. ಕಂಪನಿಯ ಬಣ್ಣ ಸ್ವಲ್ಪ ತಡೆದುಕೊಳ್ಳಬಹುದು, ಆದರೆ ಹಿಂದೆ ಯಾವಾಗಲೋ ಅಂಗಡಿಯಲ್ಲಿ ಹೊಡೆಸಿದ ಬಾಗಿಲಾದರೆ ಬಣ್ಣವೇ ಮೆತ್ತಗಾಗಿ ಕೈಗೆ ಬರುತ್ತದೆ. ನಾನು ಮುಟ್ಟೋದಿಲ್ಲ. ಎಣ್ಣೆ ಜಿಡ್ಡು ಹೋಗುವ ಹಾಗೆ ಮತ್ತೆ ಶಾಂಪೂ ಹಾಕಿ ತೊಳೆದಾಗ ಪಟ್ಟೆಯ ಜಾಗದಲ್ಲಿ ಉಳಿದದ್ದು ಮಬ್ಬು ಮಬ್ಬಾದ ಉಜ್ಜಿದ ಗುರುತು, ಮತ್ತೆ ಮೂರು ಗೆರೆ. ಎರಡರಲ್ಲಿ ಉಗುರು ಜಾರಿತು. ಒಂದರಲ್ಲಿ ಸಿಕ್ಕಿಕೊಂಡಿತು.

ಜಾರಿದ ಎರಡಕ್ಕೆ ಮತ್ತು ಮಬ್ಬಿಗೆ ರಬ್ಬಿಂಗ್ ಕಾಂಪೌಂಡ್. ಆಟೊಮೊಬೈಲ್ ಅಂಗಡಿಯಲ್ಲಿ ಚಿಕ್ಕ ಡಬ್ಬಿ ಸಿಗುತ್ತದೆ, ಜೊತೆಗೆ ಪಾಲಿಶ್ ಒಂದು, ಎರಡು ಮೂರು ಮೈಕ್ರೋಫೈಬರ್ ಬಟ್ಟೆ. ಗ್ಯಾರೇಜಿನ ಬನಿಯನ್ ವೇಸ್ಟ್ ತರಬೇಡಿ, ಅದರ ಹೊಲಿಗೆಯೇ ಹೊಸ ಗೀರು ಹಾಕುತ್ತದೆ. ಗೀರಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಬಾಗಿಲಿನ ಅಂಚು ಮತ್ತು ಮಡಿಕೆ ಇರುವ ಕಡೆ ತಪ್ಪದೆ ಅಂಟಿಸಬೇಕು, ಅಲ್ಲಿ ಬಣ್ಣ ಮೊದಲೇ ತೆಳು, ಕಣ್ಣು ಮುಚ್ಚಿ ತೆರೆಯೋದರಲ್ಲಿ ಹೋಗಿಬಿಡುತ್ತದೆ. ಕಡಲೆಕಾಳಿನಷ್ಟು ಕಾಂಪೌಂಡ್ ತಗೊಂಡು, ತಗಡು ತಣ್ಣಗಿರುವಾಗ, ಅಂಗೈ ಅಗಲದ ಜಾಗದಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಉಜ್ಜಿ. ಹದವಾದ ಒತ್ತಡ ಸಾಕು. ಇಪ್ಪತ್ತು ಮೂವತ್ತು ಸಲ ಆದ ಮೇಲೆ ಒರೆಸಿ ನೋಡಿ. ಕಮ್ಮಿಯಾಗಿದ್ದರೆ ಇನ್ನೊಂದು ಸಲ. ಮೂರು ನಾಲ್ಕು ಸುತ್ತಿಗೂ ಜಗ್ಗದಿದ್ದರೆ ನಿಲ್ಲಿಸಿ, ಹಠ ಬೇಡ. ಬಟ್ಟೆಗೆ ನಿಮ್ಮ ಕಾರಿನ ಬಣ್ಣವೇ ಹತ್ತೋಕೆ ಶುರುವಾದರೆ ಕ್ಲಿಯರ್ ಮುಗಿದಿದೆ ಅಂತ ಅರ್ಥ, ತಕ್ಷಣ ಕೈ ತೆಗೆಯಿರಿ. ಹಳೆಯ ಕೆಲವು ಬಿಳಿ ಗಾಡಿಗಳಲ್ಲಿ ಕ್ಲಿಯರ್ ಕೋಟೇ ಇರೋದಿಲ್ಲ, ಅಲ್ಲಿ ಬಟ್ಟೆ ಬೆಳ್ಳಗಾಗೋದು ಸಹಜ. ಕಾಂಪೌಂಡ್ ಆದ ಮೇಲೆ ಉಳಿಯುವ ಮಂಕು ಪಾಲಿಶಿನಿಂದ ಹೋಗುತ್ತದೆ.

ಟೂತ್‌ಪೇಸ್ಟ್? ಅದೂ ಒಂದು ಥರ ಕಾಂಪೌಂಡೇ, ಸಣ್ಣ ಪುಟ್ಟ ಗುರುತಿಗೆ ಕೆಲಸ ಮಾಡುತ್ತದೆ. ಆದರೆ ಅದರ ಪುಡಿ ಹಲ್ಲಿಗೆ ಮಾಡಿದ್ದು. ಬಿಳಿ ಪೇಸ್ಟ್ ಸಿಕ್ಕಿತು ಅಂತ ಬಾನೆಟ್ ಪೂರ್ತಿ ತಿಕ್ಕಿದವರನ್ನು ನೋಡಿದ್ದೇನೆ. ಕೊಬ್ಬರಿ ಎಣ್ಣೆ ಸವರಿದರೆ ಗೀರು ಮಾಯವಾಗೋದು ನೀರು ಸವರಿದಾಗ ಆದ ಹಾಗೇ, ಅಷ್ಟೇ. ಕಾರು ಮಾರುವವರಿಗೆ ಒಂದು ಗಂಟೆಗೆ ಸಾಕು.

ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದದ ಬಗ್ಗೆ ಹೇಳದೆ ಇದ್ದರೂ ನೀವು ಬೇರೆ ಕಡೆ ನೋಡೇ ನೋಡುತ್ತೀರಿ, ಅದಕ್ಕೆ ಹೇಳುತ್ತೇನೆ. ಉಗುರಿಗೆ ಒಂಚೂರು ಮಾತ್ರ ಸಿಗುವ ಗೀರಿಗೆ 2000 ನಂಬರ್ ಪೇಪರನ್ನು (ನಂಬರ್ ಜಾಸ್ತಿಯಾದಷ್ಟೂ ನುಣುಪು) ಶಾಂಪೂ ನೀರಲ್ಲಿ ಹತ್ತು ನಿಮಿಷ ನೆನೆಸಿ, ಚಿಕ್ಕ ರಬ್ಬರಿಗೆ ಸುತ್ತಿ, ನೀರು ಬಿಡುತ್ತಾ ಹಗುರವಾಗಿ ಎಳೆಯಬಹುದು. ಆಮೇಲೆ 3000, ಆಮೇಲೆ ಕಾಂಪೌಂಡ್, ಪಾಲಿಶ್. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಆಕಾರಕ್ಕೆ ತಗ್ಗು ಬೀಳುತ್ತದೆ. ಮೊದಲ ಸಲ ಮಾಡುವವರು ಗುಜರಿಯಿಂದ ಒಂದು ಹಳೆ ಫೆಂಡರ್ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ನನ್ನ ಮೊದಲ ಪ್ರಯೋಗ ಸ್ವಂತ ಬೈಕಿನ ಟ್ಯಾಂಕಿನ ಮೇಲೆ ನಡೆಯಿತು, ಕ್ಲಿಯರ್ ಅಡಿಯಲ್ಲಿದ್ದ ಸ್ಟಿಕ್ಕರ್ ತನಕ ಹೋಗಿ ಅರ್ಧ ಅಕ್ಷರ ಅಳಿಸಿದೆ.

ಉಗುರು ಸಿಕ್ಕಿಕೊಂಡ ಮೂರನೇ ಗೆರೆಗೆ ಟಚ್-ಅಪ್ ಬಣ್ಣ ಬೇಕು. "ಸಿಲ್ವರ್ ಕೊಡಿ" ಅಂತ ಕೇಳಿದರೆ ಆಗೋದಿಲ್ಲ, ಒಂದೊಂದು ಕಂಪನಿಗೆ ಹತ್ತು ಸಿಲ್ವರ್ ಇವೆ. ಬಣ್ಣದ ಕೋಡ್ ಬಾನೆಟ್ ಒಳಗೆ ಅಥವಾ ಬಾಗಿಲು ತೆಗೆದಾಗ ಕಾಣುವ ಕಂಬದ ಮೇಲಿನ ಪ್ಲೇಟು, ಸ್ಟಿಕ್ಕರಿನಲ್ಲಿ ಇರುತ್ತದೆ. ನನ್ನದು ಜೆಡ್2ಎಸ್, ಅಂದರೆ ಸುಜುಕಿಯ ಸಿಲ್ಕಿ ಸಿಲ್ವರ್. ಅವರ ಸಾದಾ ಬಿಳಿ 26ಯು. ಬಿಳಿಯವರು ಪುಣ್ಯವಂತರು, ಟಚ್-ಅಪ್ ಹೆಚ್ಚು ಕಮ್ಮಿ ಕಾಣದ ಹಾಗೆ ಕೂರುತ್ತದೆ. ಸಿಲ್ವರಿನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಸ್ಪ್ರೇಯಲ್ಲಿ ಅವು ಒಂದು ಥರ ಮಲಗುತ್ತವೆ, ಬ್ರಷ್ಷಿನಲ್ಲಿ ಇನ್ನೊಂದು ಥರ. ಕೋಡ್ ಸರಿ ಇದ್ದರೂ ಒಂದು ಕಡೆಯಿಂದ ನೋಡಿದರೆ ಸ್ವಲ್ಪ ಕಪ್ಪಗೆ ಕಾಣುತ್ತದೆ.

ಗೀರಿನೊಳಗೆ ತುಕ್ಕಿದ್ದರೆ ವಾಟರ್ ಪೇಪರಿನ ಸಣ್ಣ ತುಂಡನ್ನು ಪೆನ್ಸಿಲ್ ತುದಿಗೆ ಸುತ್ತಿ ತಗಡು ಹೊಳೆಯುವ ತನಕ ಕೆರೆದು, ಪ್ರೈಮರ್ ಇಟ್ಟು ಆರಿಸಿ. ತುಕ್ಕಿನ ಮೇಲೇ ಬಣ್ಣ ಇಟ್ಟರೆ ಮುಂದಿನ ವರ್ಷ ಗುಳ್ಳೆ ಎದ್ದು ಡಬಲ್ ಕೆಲಸ. ಬಾಟಲಿಯನ್ನು ಎರಡು ಮೂರು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು ಆರಿದ ಮೇಲೆ ಬಾಗಿಲ ಪಕ್ಕ ಹಿಡಿದು ನೋಡಿ. ಮುಚ್ಚಳದ ಬ್ರಷ್ ತೀರಾ ದಪ್ಪ. ನಾನು ಚೂಪು ಮಾಡಿದ ಬೆಂಕಿಕಡ್ಡಿ ತುದಿಯಲ್ಲಿ ಬಣ್ಣ ಅದ್ದಿ ಗೀರಿನೊಳಕ್ಕೆ ಇಳಿಸಿದೆ, ತಾನಾಗೇ ಹರಿದು ಹೋಗುತ್ತದೆ, ಎಳೆಯಬೇಕಿಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಂದು ಕೋಟ್. ಹೀಗೆ ಮೂರು. ಬಣ್ಣ ಆರಿದಂತೆ ಇಳಿಯುತ್ತದೆ, ಒಂದೇ ಸಲ ಜಾಸ್ತಿ ಸುರಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಕೊನೆಗೆ ಕ್ಲಿಯರ್, ಸುತ್ತಲ ಮಟ್ಟಕ್ಕಿಂತ ಕೂದಲೆಳೆ ಮೇಲೆ ನಿಲ್ಲುವ ಹಾಗೆ. ಒಂದು ವಾರ ಬಿಟ್ಟು ಆ ಉಬ್ಬನ್ನು 2500 ಪೇಪರಿನಲ್ಲಿ ಸವರಿ ಕಾಂಪೌಂಡ್ ಹಾಕಿದೆ. ಮಾರನೇ ದಿನವೇ ಮಾಡೋಕೆ ಕೈ ತುರಿಸುತ್ತಿತ್ತು, ಆ ತಪ್ಪು ಮಾಡಬೇಡಿ, ಮೆತ್ತಗಿನ ಬಣ್ಣ ಪೇಪರಿಗೇ ಅಂಟಿಕೊಂಡು ಬರುತ್ತದೆ.

ಮನೆಯಲ್ಲಿ ಆಗದ ಕೆಲಸಗಳೂ ಇವೆ. ತಗಡು ಒಳಕ್ಕೆ ಹೋಗಿದ್ದರೆ, ಅಂಗೈಗಿಂತ ದೊಡ್ಡ ಜಾಗದಲ್ಲಿ ಬಣ್ಣವೇ ಎದ್ದಿದ್ದರೆ ಟಿಂಕರ್ ಹತ್ತಿರವೇ ಹೋಗಬೇಕು. ಹೋದಾಗ ಬೂತಿನಲ್ಲಿ, ಅಂದರೆ ಬಣ್ಣ ಹೊಡೆಯೋಕೇ ಇರುವ ಮುಚ್ಚಿದ ಕೋಣೆಯಲ್ಲಿ ಹೊಡೀತೀರಾ, ಇಲ್ಲ ಬಯಲಲ್ಲಿ ಹೊಡೀತೀರಾ ಅಂತ ಕೇಳಿ. ಬಯಲಲ್ಲಿ ಹೊಡೆದರೆ ಹಸಿ ಕ್ಲಿಯರ್ ಮೇಲೆ ನಮ್ಮೂರ ಧೂಳು ಕೂತು ಮರಳು ಕಾಗದದ ಹಾಗೆ ಆಗುತ್ತದೆ. ಸಣ್ಣ ಗೀರಿಗೆ ಇಡೀ ಬಾಗಿಲು ಹೊಡೆಸಬೇಡಿ ಅಂತ ನಾನು ಹೇಳೋಕೆ ಇನ್ನೊಂದು ಕಾರಣ ಇದೆ. ಫ್ಯಾಕ್ಟರಿಯಲ್ಲಿ ವೈರು, ಸೀಟು ಏನೂ ಇಲ್ಲದ ಬರೀ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ. ಓಡುತ್ತಿರುವ ಕಾರನ್ನು ಹಾಗೆ ಬೇಯಿಸೋಕಾಗಲ್ಲ, ಅಂಗಡಿಯ ಬೂತ್ 60 ಡಿಗ್ರಿ ಆಸುಪಾಸು. ಆ ಹಳೆ ಬಣ್ಣದ ಗಟ್ಟಿತನ ಮತ್ತೆ ಸಿಗೋದು ಕಷ್ಟ.

ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಲೆಕ್ಕ ಹಾಕಿ. 1500 ಸಿಸಿ ತನಕದ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಕಡ್ಡಾಯವಾಗಿ 1,000 ರೂಪಾಯಿ ನಿಮ್ಮ ಜೇಬಿನಿಂದ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಕ್ಲೇಮ್ ಮಾಡದೆ ಐದು ವರ್ಷ ಕಳೆದವರಿಗೆ 50% ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ ಇರುತ್ತದೆ, ಅದು ಒಂದು ಗೀರಿಗೆ ಸೊನ್ನೆಯಾಗುತ್ತದೆ. ನನ್ನದು 45ರಲ್ಲಿತ್ತು, ಫೋನ್ ಮಾಡೋಕೂ ಹೋಗಲಿಲ್ಲ.

ಟಚ್-ಅಪ್ ಆದ ಜಾಗಕ್ಕೆ ಒಂದು ತಿಂಗಳು ವ್ಯಾಕ್ಸ್ ಹಾಕಬೇಡಿ, ಕಾರ್ ವಾಶಿನ ಪ್ರೆಶರ್ ಪೈಪನ್ನು ಹತ್ತಿರ ಹಿಡಿಸಬೇಡಿ. ನನ್ನ ಬಾಗಿಲಿನಲ್ಲಿ ಈಗ ಆ ಮೂರನೇ ಗೆರೆ ಕೂತು ನೋಡಿದರೆ ಕಾಣುತ್ತದೆ, ನಿಂತರೆ ಕಾಣೋದಿಲ್ಲ. ಕಾರು ಮಾತ್ರ ಈಗ ಯಾರ್ಡಿಗೆ ಎರಡು ಬೀದಿ ಆಚೆ ನಿಲ್ಲುತ್ತದೆ.