ಮಗುವಿನ ಲಸಿಕೆ: ಕಾಸರಗೋಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಹೊಸದಾಗಿ ಮನೆ ಮಾಡಿದವರು ಮಗುವಿನ ಲಸಿಕೆ ತಪ್ಪಿಸಿದರೆ ಅದು ವಿರೋಧದಿಂದಲೇ ಎನ್ನಬೇಕಾಗಿಲ್ಲ. ಸಿಸ್ಟರ್ ಮಲಯಾಳದಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದು, ರಾತ್ರಿ ಮಗುವಿನ ಮೈ ಬಿಸಿಯಾದಾಗ ಹೆದರಿದವರು ಮುಂದಿನ ಸಲ ಹಿಂಜರಿಯುತ್ತಾರೆ. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ ಕೊಟ್ಟ ಮೇಲೆ ಒಂದೆರಡು ದಿನ ಜ್ವರ, ತೊಡೆಯಲ್ಲಿ ನೋವು, ಊತ ಸಾಮಾನ್ಯ. ಇದು ಮೊದಲೇ ತಿಳಿದಿರಬೇಕು.

ಹೊರಡುವ ಮುಂಚೆ ಕೇಳಿ: ಕೊಟ್ಟದ್ದು ಯಾವ ಲಸಿಕೆ, ಯಾವ ರೋಗಕ್ಕೆ? ಏನಾಗಬಹುದು, ಆದರೆ ಏನು ಮಾಡಬೇಕು? ಮುಂದಿನದು ಯಾವಾಗ? ಕಾರ್ಡಿನಲ್ಲಿ ಬರೆದಾಯಿತೇ? ಇದನ್ನೆಲ್ಲ ಹೇಳುವುದು ಅವರ ಕೆಲಸವೇ, ಸಂಕೋಚ ಬೇಡ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಭಾಷೆ ತೊಡಕಾದರೆ ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.

ಜ್ವರದ ಔಷಧಿಯಲ್ಲಿ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ; ಸಿರಪ್‌ನಲ್ಲಾದರೆ 5 ಎಂಎಲ್‌ಗೆ 125 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಪ್ರಮಾಣ ಎರಡರಿಂದ ನಾಲ್ಕು ಪಟ್ಟಾಗುತ್ತದೆ. ಬಾಟಲಿ ತೋರಿಸಿ, ಮಗುವಿನ ತೂಕಕ್ಕೆ ಎಷ್ಟು ಎಂಎಲ್, ಎಷ್ಟು ಹೊತ್ತಿಗೊಮ್ಮೆ ಎಂದು ಬರೆಸಿಕೊಳ್ಳಿ. ಚುಚ್ಚಿದ ಜಾಗಕ್ಕೆ ಅರಸಿನ, ಸೊಪ್ಪಿನ ರಸ ಹಚ್ಚಬೇಡಿ, ಉಜ್ಜಬೇಡಿ. ಕ್ಷಯ ತಡೆಯುವ ಬಿಸಿಜಿ ಲಸಿಕೆ ಕೊಟ್ಟ ತೋಳಿನಲ್ಲಿ ಕೆಲವು ವಾರಗಳ ನಂತರ ಗುಳ್ಳೆಯಾಗಿ ಕೀವು ತುಂಬಬಹುದು. ಅದಕ್ಕೂ ಏನೂ ಹಚ್ಚುವುದು ಬೇಡ, ತಾನಾಗಿ ಒಣಗಿ ಕಲೆ ಉಳಿಯುತ್ತದೆ. ಆದರೆ ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ, ಮೂರು ಗಂಟೆಗೂ ಹೆಚ್ಚು ಅಳು ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೆರಿಗೆ ಮಂಗಳೂರಿನಲ್ಲಾಗಿದ್ದರೆ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಎರಡನ್ನೂ ಇಲ್ಲಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಲಸಿಕೆಯ ಪಟ್ಟಿ ರಾಷ್ಟ್ರೀಯವಾದದ್ದು, ಗಡಿ ದಾಟಿದರೆ ಬದಲಾಗುವುದಿಲ್ಲ: ಹುಟ್ಟಿದಾಗ, 6, 10, 14 ವಾರಗಳಲ್ಲಿ, 9 ತಿಂಗಳಲ್ಲಿ, 16–24 ತಿಂಗಳಲ್ಲಿ, ಮತ್ತೆ 5–6 ವರ್ಷಕ್ಕೆ. ಲಸಿಕೆಯ ದಿನ ಸಾಮಾನ್ಯವಾಗಿ ಬುಧವಾರ. ನಿಮ್ಮ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಿ. ದಡಾರ–ರುಬೆಲ್ಲಾ ಲಸಿಕೆಯ ಬಾಟಲಿಯನ್ನು ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಸಣ್ಣ ನೆಗಡಿ, ಕೆಮ್ಮಿಗೆಂದು ಮುಂದೂಡಬೇಡಿ.

ವಾಟ್ಸಾಪ್‌ನಲ್ಲಿ ಹೆದರಿಸುವ ಧ್ವನಿ ಸಂದೇಶ ಬಂದರೆ ಅದರಲ್ಲಿ ಲಸಿಕೆಯ ಹೆಸರು, ಮಗುವಿನ ವಯಸ್ಸು, ಊರು, ದಿನಾಂಕ ಇದೆಯೇ ನೋಡಿ. ಸಂಶಯ ಉಳಿದರೆ ಫೋನನ್ನೇ ಸಿಸ್ಟರ್‌ಗೆ ಕೇಳಿಸಿ, ಅಥವಾ ಕೇರಳದ ದಿಶಾ ಸಹಾಯವಾಣಿ 1056ಕ್ಕೆ ಕರೆ ಮಾಡಿ.

ಒಂದು ಡೋಸ್ ತಪ್ಪಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಬೈಗುಳಕ್ಕೆ ಅಂಜಿ ಇನ್ನಷ್ಟು ತಡಮಾಡದೆ ಕಾರ್ಡ್ ಹಿಡಿದು ಹೋಗಿ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ.